ತೊಟ್ಟಿಲು ಕಟ್ಟಲು ಮನೆಯಲ್ಲಿ ಜಾಗವೆಲ್ಲಿದೆ?

ಮದುವೆಯಾಗಿ ಎರಡು ವರ್ಷ ಕಳೆದ ದಂಪತಿಯನ್ನು ಕಂಡಾಗ ನಾವು ಕೇಳುವ ಮೊದಲ ಪ್ರಶ್ನೆ ಯಾವುದು? "ಏನಾದರೂ ವಿಶೇಷ ಉಂಟಾ?" ಎಂದಲ್ಲವೇ? ಅವರು ಉತ್ತರಿಸದೆ ಸುಮ್ಮನೆ ನಕ್ಕರೆ, ಈಗಿನವರಿಗೆ ಮಕ್ಕಳೆಂದರೆ ಹೊರೆ ಎಂದು ನಾವೇ ತೀರ್ಪು ಕೊಟ್ಟುಬಿಡುತ್ತೇವೆ. ಆದರೆ ಅವರ ಮನೆಯ ಬಾಡಿಗೆ ಎಷ್ಟು, ಕೋಣೆಗಳೆಷ್ಟು, ಕರಾರು ಮುಗಿಯಲು ಇನ್ನೆಷ್ಟು ತಿಂಗಳಿದೆ ಎಂದು ಎಂದಾದರೂ ವಿಚಾರಿಸಿದ್ದೇವೆಯೇ?

ಅರಬಿ ಭಾಷೆಯಲ್ಲಿ ವಾಸದ ಮನೆಗೆ ‘ಮಸ್ಕನ್’ ಎನ್ನುತ್ತಾರೆ. ಮನಶ್ಶಾಂತಿಗೆ ‘ಸಕೀನ’ ಎನ್ನುತ್ತಾರೆ. ಎರಡೂ ಒಂದೇ ಧಾತುವಿನಿಂದ ಹುಟ್ಟಿದ ಪದಗಳು. ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದ 80ನೇ ಸೂಕ್ತದಲ್ಲಿ ಮನೆಯ ಕುರಿತೂ ಅರ್ರೂಮ್ ಅಧ್ಯಾಯದ 21ನೇ ಸೂಕ್ತದಲ್ಲಿ ದಾಂಪತ್ಯದ ಕುರಿತೂ ಇದೇ ಧಾತುವಿನ ಪದಗಳು ಬಂದಿವೆ. ಮನೆಯ ನೆಮ್ಮದಿಗೂ ದಾಂಪತ್ಯದ ನೆಮ್ಮದಿಗೂ ಇರುವ ನಂಟನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಸೂಚನೆ ಬೇಕೇ?

ಸಿಯೋಲ್ ನಗರದ ಪಾಠ

ಈ ನಂಟು ಕಡಿದರೆ ಏನಾಗುತ್ತದೆಂಬುದನ್ನು ದಕ್ಷಿಣ ಕೊರಿಯಾದಲ್ಲಿ ನೋಡಬಹುದು. 1960ರಲ್ಲಿ ಅಲ್ಲಿನ ಒಬ್ಬ ಮಹಿಳೆಗೆ ಸರಾಸರಿ ಆರು ಮಕ್ಕಳಿದ್ದರು. 2018ರಲ್ಲಿ ಈ ಸರಾಸರಿ ಒಂದಕ್ಕಿಂತ ಕೆಳಗಿಳಿಯಿತು. 2023ರಲ್ಲಿ ಅದು 0.72. ರಾಜಧಾನಿ ಸಿಯೋಲ್‌ನಲ್ಲಂತೂ 0.55. ಜನಸಂಖ್ಯೆ ಕುಗ್ಗದೆ ನಿಲ್ಲಬೇಕಾದರೆ ಈ ಸಂಖ್ಯೆ ಸುಮಾರು 2.1 ಇರಬೇಕು. 2024ರಲ್ಲಿ ದೇಶದ ಸರಾಸರಿ 0.75ಕ್ಕೆ ಏರಿತಾದರೂ ಅದು ತೀರಾ ಅಲ್ಪ.

ಆ ದೇಶದ ಅರ್ಧದಷ್ಟು ಜನರು ರಾಜಧಾನಿ ಮತ್ತು ಅದರ ಸುತ್ತಮುತ್ತಲ ಪ್ರದೇಶದಲ್ಲಿದ್ದಾರೆ. ಅಲ್ಲಿ ‘ಜಿಯೋನ್ಸೆ’ ಎಂಬ ಪದ್ಧತಿಯಿದೆ. ಮನೆಯ ಬೆಲೆಯ ಅರ್ಧ ಅಥವಾ ಅದಕ್ಕೂ ಹೆಚ್ಚಿನ ಮೊತ್ತವನ್ನು ಮಾಲಿಕನಿಗೆ ಮುಂಗಡವಾಗಿ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಸಾಮಾನ್ಯವಾಗಿ ಎರಡು ವರ್ಷ ವಾಸಿಸುವುದು, ಬಿಡುವಾಗ ಆ ಹಣವನ್ನು ಹಿಂಪಡೆಯುವುದು. ಬೆಂಗಳೂರಿನಲ್ಲಿ ‘ಲೀಸು’ ಅಥವಾ ‘ಭೋಗ್ಯ’ ಎಂದು ನಾವು ಕರೆಯುವುದೂ ಹೆಚ್ಚು ಕಡಿಮೆ ಇದೇ. 2017ರಿಂದ 2021ರೊಳಗೆ ಸಿಯೋಲ್‌ನ ಅಪಾರ್ಟ್‌ಮೆಂಟುಗಳ ಬೆಲೆ ಸುಮಾರು ಇಮ್ಮಡಿಯಾಯಿತು. ಮುಂಗಡದ ಮೊತ್ತವೂ ಏರಿತು. ಮತ್ತೆ ಬೆಲೆ ಇಳಿದಾಗ ಎಷ್ಟೋ ಮಾಲಿಕರು ಮುಂಗಡವನ್ನು ಹಿಂದಿರುಗಿಸಲಿಲ್ಲ. ಕೆಲವರು ಬೇಕೆಂದೇ ವಂಚಿಸಿದರು. ಸಂತ್ರಸ್ತರಿಗಾಗಿ 2023ರಲ್ಲಿ ಸರಕಾರವು ವಿಶೇಷ ಕಾನೂನನ್ನೇ ತರಬೇಕಾಯಿತು.

ಮದುವೆಯಾಗುವ ಹುಡುಗನ ಕಡೆಯವರೇ ಮನೆ ಒದಗಿಸಬೇಕೆಂಬ ರೂಢಿಯೂ ಅಲ್ಲಿದೆ. ಮನೆಯಿಲ್ಲದಿದ್ದರೆ ಮದುವೆ ಮುಂದಕ್ಕೆ ಹೋಗುತ್ತದೆ. ಮದುವೆ ಮುಂದಕ್ಕೆ ಹೋದರೆ ಮಗುವೂ ಮುಂದಕ್ಕೆ ಹೋಗುತ್ತದೆ. ಮಕ್ಕಳ ಟ್ಯೂಷನ್ ಖರ್ಚು, ದೀರ್ಘ ದುಡಿಮೆ, ಹೆರಿಗೆಯ ನಂತರ ಕೆಲಸ ಕಳೆದುಕೊಳ್ಳುವ ಸ್ತ್ರೀಯರ ಭಯ ಇವೂ ಕಾರಣಗಳೇ. ಮನೆಯೊಂದೇ ಕಾರಣವೆಂದು ಯಾರೂ ಹೇಳಲಾರರು. ಆದರೂ 2024ರ ಜನವರಿಯಲ್ಲಿ ಅಲ್ಲಿನ ಸರಕಾರವು ಹೊಸದಾಗಿ ಮಗು ಹುಟ್ಟಿದ ಕುಟುಂಬಗಳಿಗೆ ಕಡಿಮೆ ಬಡ್ಡಿಯ ಗೃಹ ಸಾಲದ ಯೋಜನೆಯನ್ನು ಆರಂಭಿಸಿತು. ತೊಟ್ಟಿಲು ತೂಗಬೇಕಾದರೆ ಮೊದಲು ಸೂರು ಬೇಕೆಂಬುದನ್ನು ಅದೂ ಕಂಡುಕೊಂಡಿತು.

ಬೆಲೆ, ಸ್ಥಳ, ಭರವಸೆ

ಮನೆಯು ಮೂರು ರೀತಿಯಲ್ಲಿ ಅಡ್ಡ ಬರುತ್ತದೆ.

ಮೊದಲನೆಯದು ಬೆಲೆ. ಅಮೆರಿಕದ ಅರ್ಥಶಾಸ್ತ್ರಜ್ಞೆಯರಾದ ಲಿಸಾ ಡೆಟ್ಲಿಂಗ್ ಮತ್ತು ಮೆಲಿಸಾ ಕಿಯರ್ನಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮನೆಯ ಬೆಲೆ 10,000 ಡಾಲರ್ ಏರಿದಾಗ ಸ್ವಂತ ಮನೆಯಿರುವವರಲ್ಲಿ ಜನನ ಪ್ರಮಾಣವು ಶೇ. 5ರಷ್ಟು ಹೆಚ್ಚಿತು, ಇಲ್ಲದವರಲ್ಲಿ ಶೇ. 2.4ರಷ್ಟು ಇಳಿಯಿತು. ಒಂದೇ ಬೆಲೆಯೇರಿಕೆ ಒಬ್ಬನಿಗೆ ಧೈರ್ಯ ಕೊಟ್ಟರೆ ಇನ್ನೊಬ್ಬನ ಧೈರ್ಯವನ್ನು ಕಸಿಯುತ್ತದೆ.

ಎರಡನೆಯದು ಸ್ಥಳ. ಒಂದೇ ಕೋಣೆಯಲ್ಲಿ ಅತ್ತೆ, ಮಾವ, ಮೈದುನರೊಂದಿಗೆ ಮಲಗುವ ದಂಪತಿಗೆ ಏಕಾಂತವೆಲ್ಲಿದೆ? ಬಾಣಂತಿ ಎಲ್ಲಿ ಮಲಗಬೇಕು?

ಮೂರನೆಯದು ಭರವಸೆ. ಹನ್ನೊಂದು ತಿಂಗಳ ಕರಾರು ಮುಗಿದೊಡನೆ ಗಂಟುಮೂಟೆ ಕಟ್ಟಬೇಕಾದವರು ಮಗುವಿನ ಶಾಲೆಯ ಬಗ್ಗೆ ಹೇಗೆ ಯೋಚಿಸಿಯಾರು?

ನಮ್ಮ ಪಾಲೆಷ್ಟು?

ಇದು ದೂರದ ಕಥೆಯೆಂದು ತಿಳಿಯಬೇಡಿರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದ ಹಳ್ಳಿಗಳಲ್ಲಿ ಈ ಸರಾಸರಿ 2.1 ಇದ್ದರೆ ನಗರಗಳಲ್ಲಿ 1.6. ಕರ್ನಾಟಕದಲ್ಲಿ 1.7. ದೇಶದ ಮುಸ್ಲಿಮರಲ್ಲಿ 1992-93ರಲ್ಲಿ 4.4 ಇದ್ದದ್ದು 2019-21ರ ವೇಳೆಗೆ 2.4ಕ್ಕೆ ಇಳಿದಿತ್ತು. ಹೆಣ್ಣು ಮಕ್ಕಳ ಶಿಕ್ಷಣ, ಆರೋಗ್ಯ ಸೌಲಭ್ಯ ಮುಂತಾದ ಒಳ್ಳೆಯ ಕಾರಣಗಳೂ ಇದರ ಹಿಂದಿವೆ. ಹಾಗಾಗಿ ಎಲ್ಲರೂ ಹೆಚ್ಚು ಮಕ್ಕಳನ್ನು ಹೆರಬೇಕೆಂಬುದು ಇಲ್ಲಿನ ವಾದವಲ್ಲ. ಮಗು ಬೇಕೆಂದು ಮನಸಾರೆ ಬಯಸುವ ದಂಪತಿಗೆ ಮನೆಯೇ ಬೇಡಿಯಾಗಬಾರದು, ಅಷ್ಟೇ.

ಮಾಲಿಕರೇ, ಅನ್ನ ಕೊಡುವವನು ಅಲ್ಲಾಹನು, ಮಕ್ಕಳಿಗೆ ಹೆದರಬೇಡಿ ಎಂದು ಉಪದೇಶಿಸುವ ನಾಲಿಗೆಯೇ ‘ಚಿಕ್ಕ ಮಕ್ಕಳಿದ್ದರೆ ಮನೆ ಕೊಡುವುದಿಲ್ಲ’ ಎಂದರೆ ಆ ಉಪದೇಶಕ್ಕೆ ಬೆಲೆಯೆಲ್ಲಿ? ಗರ್ಭಿಣಿಯಿರುವ ಮನೆಯವರನ್ನು ಕರಾರು ಮುಗಿಯಿತೆಂದು ಎಬ್ಬಿಸಬೇಡಿರಿ. ಮುಂಗಡ ಹಣವು ನಿಮ್ಮ ಬಳಿಯಿರುವ ಅಮಾನತು, ಅದನ್ನು ಹೇಳಿದ ದಿನವೇ ಹಿಂದಿರುಗಿಸಿರಿ.

ಹೆತ್ತವರೇ, ಒಂದು ದಿನದ ಮದುವೆ ಹಾಲ್‌ಗೂ ಬಿರಿಯಾನಿಗೂ ಸುರಿಯುವ ಹಣದಲ್ಲಿ ಎಷ್ಟು ತಿಂಗಳ ಬಾಡಿಗೆ ಸಲ್ಲುತ್ತದೆಂದು ಲೆಕ್ಕ ಹಾಕಿರಿ. ನಿಕಾಹ್ ಸರಳವಾಗಲಿ, ಉಳಿದ ಹಣ ಮನೆಯ ಮುಂಗಡವಾಗಲಿ. ಸೊಸೆಯನ್ನು ತರುವ ಮೊದಲು ಅವಳಿಗೊಂದು ಬಾಗಿಲಿರುವ ಕೋಣೆಯಿದೆಯೇ ಎಂದು ನೋಡಿರಿ.

ಯುವ ದಂಪತಿಗಳೇ, ನಿಮಗೂ ಒಂದು ಮಾತಿದೆ. ಅಗತ್ಯಕ್ಕಾಗಿ ಕಾಯುವುದು ಬೇರೆ, ನೆರೆಯವರ ಮೂರು ಕೋಣೆಯ ಫ್ಲಾಟನ್ನು ನೋಡಿ ಅಷ್ಟೇ ದೊಡ್ಡದು ಬೇಕೆಂದು ಕಾಯುವುದು ಬೇರೆ. ಎರಡರ ವ್ಯತ್ಯಾಸವನ್ನು ನೀವಿಬ್ಬರೂ ಕುಳಿತು ತೂಗಿ ನೋಡಿರಿ.

ಓದುಗರೇ, ಮುಂದಿನ ಸಲ ಅಂತಹ ದಂಪತಿಯನ್ನು ಭೇಟಿಯಾದಾಗ ‘ವಿಶೇಷ’ದ ಪ್ರಶ್ನೆಯನ್ನು ನುಂಗಿಕೊಳ್ಳಿರಿ. ಅದರ ಬದಲು "ಮನೆ ಸರಿಯಾಗಿದೆಯೇ? ಬೇರೆ ಮನೆ ಹುಡುಕಲು ನನ್ನಿಂದೇನಾದರೂ ಸಹಾಯ ಬೇಕೇ?" ಎಂದು ಕೇಳಿರಿ. ಕೇಳಿದ ಮೇಲೆ ಎದ್ದು ಅವರೊಡನೆ ಮನೆ ನೋಡಲು ಹೋಗಿರಿ.