ಅಟ್ಟ ಸೇರಿದ ಉಸಿರಿನ ಯಂತ್ರ

ಪ್ರಶ್ನೆ: ನಮ್ಮಪ್ಪನಿಗೆ 58 ವರ್ಷ. ಮಳವಳ್ಳಿ ಕಡೆ ಬೇಸಾಯ, ಕಬ್ಬು ಕಡಿಯುವ ಕಾಲದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಾರೆ. ಗೊರಕೆ ಜೋರು, ನಡುನಡುವೆ ಉಸಿರೇ ನಿಂತುಹೋಗುತ್ತದೆ. ಮೈಸೂರಿನಲ್ಲಿ ನಿದ್ದೆಯ ಪರೀಕ್ಷೆ ಮಾಡಿಸಿ, ಸ್ಲೀಪ್ ಅಪ್ನಿಯ ಅಂದರು ಅಂತ ಸಿಪ್ಯಾಪ್ ಯಂತ್ರ ತಂದೆವು. ಒಂದು ವಾರ ಹಾಕಿಕೊಂಡು ಅಟ್ಟದ ಮೇಲಿಟ್ಟಿದ್ದಾರೆ. ‘ನಂಗೇನಾಗದೆ? ಮಲಗಿದ ತಕ್ಷಣ ನಿದ್ದೆ ಬತ್ತದೆ’ ಅನ್ನುತ್ತಾರೆ. ಒಪ್ಪಿಸುವುದು ಹೇಗೆ?
– ಓದುಗರೊಬ್ಬರು, ಮದ್ದೂರು

ಉತ್ತರ: ನಿಮ್ಮ ಅಪ್ಪ ಹಟ ಹಿಡಿದಿದ್ದಾರೆ ಅಂತ ನನಗನ್ನಿಸುವುದಿಲ್ಲ. ಅವರಿಗೆ ಗೊತ್ತಿರುವುದನ್ನೇ ಹೇಳುತ್ತಿದ್ದಾರೆ. ಹಲ್ಲುನೋವಾದರೆ ನೋವು ಅನುಭವಕ್ಕೆ ಬರುತ್ತದೆ. ಇಲ್ಲಿ ಉಸಿರು ಕಟ್ಟುವ ಹೊತ್ತಿನಲ್ಲಿ ಅವರು ನಿದ್ದೆಯಲ್ಲಿರುತ್ತಾರೆ. ಕಾಯಿಲೆಯನ್ನು ಕಣ್ಣಾರೆ ಕಂಡವರು ಪಕ್ಕದಲ್ಲಿ ಮಲಗುವ ನಿಮ್ಮವ್ವ. ಯಂತ್ರ ಕೊಡುವಾಗ ಅವ್ವನನ್ನೂ ಕೂರಿಸಿಕೊಂಡು, ಕನ್ನಡದಲ್ಲಿ, ನಿಧಾನವಾಗಿ ಹೇಳಿದ್ದರೆ ಅದು ಅಟ್ಟ ಹತ್ತುತ್ತಿರಲಿಲ್ಲವೇನೋ. ಈಗಲೂ ಹೊತ್ತು ಮೀರಿಲ್ಲ. ಆ ಕೆಲಸ ನೀವೇ ಮಾಡಬಹುದು.

ಅಪ್ಪನಿಗೆ ಪಂಪ್‌ಸೆಟ್ಟಿನಿಂದ ಶುರುಮಾಡಿ ಹೇಳಿ. ಗದ್ದೆಗೆ ನೀರು ಹಾಯಿಸಲು ಹಾಸುವ ಮೆತ್ತನೆಯ ಚಪ್ಪಟೆ ಪೈಪನ್ನು ಸಕ್ಷನ್ ಕಡೆಗೆ ಹಾಕಿದರೆ ಏನಾಗುತ್ತದೆ? ಎಳೆತಕ್ಕೆ ಒಳಗೊಳಗೇ ಅಂಟಿಕೊಂಡು ನೀರು ನಿಲ್ಲುತ್ತದೆ. ಅದೇ ಪೈಪು ಡೆಲಿವರಿ ಕಡೆಗಿದ್ದರೆ ಒತ್ತಡಕ್ಕೆ ಉಬ್ಬಿ ತೆರೆದೇ ಇರುತ್ತದೆ. ನಮ್ಮ ಗಂಟಲೂ ಮೆತ್ತನೆಯ ಪೈಪೇ. ನಿದ್ದೆಯಲ್ಲಿ ಅದರ ಸ್ನಾಯು ಸಡಿಲವಾಗುತ್ತದೆ, ಉಸಿರೆಳೆದಾಗ ಕೆಲವರಿಗೆ ಅಂಟಿಕೊಳ್ಳುತ್ತದೆ. ಸಿಪ್ಯಾಪ್ ಹಿತವಾದ ಒತ್ತಡದಲ್ಲಿ ಗಾಳಿಯೂದಿ ಅದನ್ನು ತೆರೆದಿಡುತ್ತದೆ. ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ 1981ರಲ್ಲಿ ಐದು ಜನ ರೋಗಿಗಳಲ್ಲಿ ಇದನ್ನು ತೋರಿಸಿಕೊಟ್ಟರು. ಆರಂಭದ ಯಂತ್ರಗಳಿಗೆ ವ್ಯಾಕ್ಯೂಮ್ ಕ್ಲೀನರಿನ ಮೋಟಾರನ್ನೇ ಬಳಸಿದ್ದರು.

ಇನ್ನೊಂದು ಮಾತನ್ನು ಬಿಡಿಸಿ ಹೇಳಲೇಬೇಕು. ಇದು ಆಕ್ಸಿಜನ್ ಅಲ್ಲ, ಕೋಣೆಯ ಗಾಳಿಯೇ. ಕೋವಿಡ್ ಕಂಡ ಮೇಲೆ ಮೂಗಿಗೆ ಮಾಸ್ಕು, ಅದಕ್ಕೊಂದು ಪೈಪು ಅಂದರೆ ಕೊನೆಗಾಲ ಬಂತು ಅಂತ ಹೆದರುವವರಿದ್ದಾರೆ. ಬಾಯಿಬಿಟ್ಟು ಹೇಳುವುದಿಲ್ಲ, ಯಂತ್ರವನ್ನು ಎತ್ತಿಟ್ಟುಬಿಡುತ್ತಾರೆ.

ಪರೀಕ್ಷೆಯ ವರದಿ ತೆಗೆದು ನೋಡಿ. ಎಎಚ್‌ಐ ಎಂದೊಂದು ಸಂಖ್ಯೆ ಇರುತ್ತದೆ. ಒಂದು ಗಂಟೆಯ ನಿದ್ದೆಯಲ್ಲಿ ಕನಿಷ್ಠ 10 ಸೆಕೆಂಡು ಉಸಿರು ನಿಂತದ್ದು ಅಥವಾ ತೀರಾ ಕುಗ್ಗಿದ್ದು ಎಷ್ಟು ಸಲ ಎಂಬ ಲೆಕ್ಕ ಅದು. 5ರಿಂದ 15 ಇದ್ದರೆ ಸೌಮ್ಯ, 30 ದಾಟಿದರೆ ತೀವ್ರ. 30 ಅಂದರೆ ಎರಡು ನಿಮಿಷಕ್ಕೊಂದು ಸಲ. ಇದನ್ನು ಅಪ್ಪನಿಗೆ ಓದಿ ಹೇಳಿ. ಅವ್ವ ಒಂದು ರಾತ್ರಿ ಮೊಬೈಲಿನಲ್ಲಿ ಐದು ನಿಮಿಷ ವಿಡಿಯೊ ಮಾಡಿ ತೋರಿಸಲಿ. ಗದರಿಸುವುದಕ್ಕಲ್ಲ, ಅವರು ಕಾಣದ್ದನ್ನು ಕಾಣಿಸುವುದಕ್ಕೆ. ಬೆಳಗಿನ ತಲೆನೋವು, ಇಳಿಯದ ಬಿ.ಪಿ., ಹಗಲು ಕೂತಲ್ಲೇ ತೂಕಡಿಕೆ ಇವುಗಳಿಗೂ ಇದಕ್ಕೂ ನಂಟಿದೆ. ಮಲಗಿದ ತಕ್ಷಣ ನಿದ್ದೆ ಬರುವುದೂ ರಾತ್ರಿಯ ನಿದ್ದೆ ಸಾಲದ್ದರ ಗುರುತಿರಬಹುದು.

ಬಿಟ್ಟಿದ್ದು ಏಕೆಂದು ಅಪ್ಪನನ್ನೇ ಕೇಳಿ. ಮೂಗಿನ ಮೇಲೆ ಗಾಯವಾಗಿದ್ದರೆ ಪಟ್ಟಿ ಬಿಗಿ ಹೆಚ್ಚಾಗಿದೆ. ಗಾಳಿ ಸೋರುತ್ತದೆಂದು ಇನ್ನಷ್ಟು ಬಿಗಿದರೆ ಸೋರಿಕೆಯೂ ಹೆಚ್ಚಬಹುದು. ದಪ್ಪ ಮೀಸೆಯಿದ್ದರೆ ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಪುಟ್ಟ ಮಾಸ್ಕು ಸಿಗುತ್ತದೆ. ಬಾಯಿ ಒಣಗಿದರೆ ಗಾಳಿಗೆ ತೇವ ಸೇರಿಸುವ ಹ್ಯೂಮಿಡಿಫೈಯರ್ ಇದೆ, ಅದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಿ, ಬೋರ್‌ವೆಲ್ ನೀರು ಬೇಡ. ಗಾಳಿ ಮುಖಕ್ಕೆ ನುಗ್ಗಿದಂತಾದರೆ ಮೆಲ್ಲಗೆ ಶುರುವಾಗಿ ಏರುವ ‘ರ್‍ಯಾಂಪ್’ ಇದೆಯಾ ನೋಡಿ. ಉಸಿರು ಸಿಕ್ಕಿಬಿದ್ದಂತೆ ಗಾಬರಿಯಾದರೆ ಹಗಲಲ್ಲಿ, ಟಿ.ವಿ. ನೋಡುತ್ತಾ, ಕಾಲು ಗಂಟೆ ಹಾಕಿ ತೆಗೆಯಲಿ. ಕರೆಂಟು ಹೋಗುವ ಊರಾದರೆ ಇನ್ವರ್ಟರ್‌ಗೆ ಜೋಡಿಸಿ. ಹ್ಯೂಮಿಡಿಫೈಯರಿನ ಹೀಟರ್ ಆರಿಸಿದರೆ ಯಂತ್ರ ಎಳೆಯುವ ಕರೆಂಟು ಸಾಮಾನ್ಯವಾಗಿ ಒಂದು ಸೀಲಿಂಗ್ ಫ್ಯಾನಿನಷ್ಟೂ ಇರದು.

ಮೊದಲ ವಾರದ ಅಭ್ಯಾಸವೇ ಮುಂದಿನ ತಿಂಗಳುಗಳಿಗೂ ಉಳಿಯುವುದು ಹೆಚ್ಚು. ಅದಕ್ಕೇ ಹೊಸದಾಗಿ ಶುರುಮಾಡುವಾಗ ನೀವು ಒಂದು ವಾರ ಅಪ್ಪನ ಮನೆಯಲ್ಲಿರಲು ಸಾಧ್ಯವಾ ನೋಡಿ. ರಾತ್ರಿಗೆ 4 ಗಂಟೆ ಎಂಬುದು ವೈದ್ಯರು ಬಳಕೆ ಅಳೆಯಲು ಇಟ್ಟುಕೊಂಡ ಕನಿಷ್ಠ ಗೆರೆ. ಆದರೆ ರಾತ್ರಿ ಎರಡು ಗಂಟೆಗೆ ಎದ್ದು ಹೋಗಿ ಬಂದವರು ಮಾಸ್ಕು ಹಾಕದೆ ಮಲಗಿದರೆ ಅಸಲು ಹೊತ್ತೇ ತಪ್ಪುತ್ತದೆ. ಕನಸಿನ ನಿದ್ದೆ ಬೆಳಗಿನ ಜಾವದಲ್ಲಿ ಹೆಚ್ಚು, ಸ್ನಾಯು ತೀರಾ ಸಡಿಲವಾಗುವುದೂ ಬಹಳ ಜನಕ್ಕೆ ಉಸಿರು ಹೆಚ್ಚು ಕಟ್ಟುವುದೂ ಆಗಲೇ. ಮತ್ತೆ ಹಾಕಿಕೊಂಡರಾ ಎಂದು ನೋಡುವವರು ಅವ್ವ.

ಎಷ್ಟು ದಿನ ಹಾಕಬೇಕು ಅಂತ ಅಪ್ಪ ಕೇಳಿಯೇ ಕೇಳುತ್ತಾರೆ. ಕನ್ನಡಕದ ಹಾಗೆ, ಹಾಕಿದಾಗ ಮಾತ್ರ ಕೆಲಸ ಮಾಡುತ್ತದೆ ಅಂತ ನಿಜವನ್ನೇ ಹೇಳಿ. ತೂಕ ಇಳಿಸಿ, ಮಗ್ಗುಲಾಗಿ ಮಲಗಿ, ಮಲಗುವ ಮುಂಚಿನ ಮದ್ಯ ಬಿಟ್ಟರೆ ಕೆಲವರಿಗೆ ಬಹಳ ಕಡಿಮೆಯಾಗುತ್ತದೆ. ಯಂತ್ರ ಬಿಡಬಹುದೇ ಎಂಬುದನ್ನು ಮಾತ್ರ ಮರುಪರೀಕ್ಷೆ ಮಾಡಿಸಿಯೇ ತೀರ್ಮಾನಿಸಬೇಕು.

ಬಹುತೇಕ ಯಂತ್ರಗಳು ಎಷ್ಟು ಗಂಟೆ ಹಾಕಿದರು, ಗಾಳಿ ಎಷ್ಟು ಸೋರಿತು, ಉಸಿರು ಎಷ್ಟು ಸಲ ಕಟ್ಟಿತು ಎಂದು ಲೆಕ್ಕ ಇಡುತ್ತವೆ. ತಿಂಗಳು ತುಂಬುವ ಮೊದಲೇ ಅದನ್ನು ತೆಗೆದುಕೊಂಡು ವೈದ್ಯರ ಬಳಿ ಹೋಗಿ, ಅವ್ವನನ್ನೂ ಕರೆದುಕೊಂಡು. ಮಾಸ್ಕು ಹೊಂದದಿದ್ದರೆ ಬದಲಿಸಿಕೊಡಿ ಎಂದು ಸಂಕೋಚವಿಲ್ಲದೆ ಕೇಳಿ. ಅಲ್ಲಿಯವರೆಗೆ ರಾತ್ರಿ ಕಬ್ಬಿನ ಲೋಡು ತೆಗೆದುಕೊಂಡು ಹೋಗುವ ಕೆಲಸವನ್ನು ಬೇರೆ ಯಾರಾದರೂ ನೋಡಿಕೊಳ್ಳಲಿ. ತೂಕಡಿಸುವ ಕಣ್ಣಿನಲ್ಲಿ ಟ್ರ್ಯಾಕ್ಟರ್ ಓಡಿಸುವುದು ಅವರಿಗೂ ಎದುರು ಬರುವವರಿಗೂ ಅಪಾಯ, ಇದನ್ನು ನಾಳೆಗೆ ಮುಂದೂಡಬೇಡಿ.