ಕಂಪ್ಯೂಟರಿನ ಕಸ ಗುಡಿಸೋಣ, ಲೆಕ್ಕ ಉಳಿಸೋಣ



ನಮ್ಮ ಅನೇಕ ಸಂಘಗಳ ಉಳಿತಾಯ, ಸಾಲ, ಬಡ್ಡಿಯ ಲೆಕ್ಕ ಈಗ ಕಂಪ್ಯೂಟರಿಗೆ ಬಂದಿದೆ. ಒಕ್ಕೂಟದ ಕಚೇರಿಯಲ್ಲಿ ಕಂಪ್ಯೂಟರ್ ಒಂದೇ, ಕೈ ಹಾಕುವವರು ಹತ್ತು ಮಂದಿ. ದಿನ ಹೋದಂತೆ ಅದು ನಿಧಾನವಾಗುತ್ತದೆ, ಜಾಗ ಇಲ್ಲ ಅಂತ ತೋರಿಸುತ್ತದೆ. ಆಗ ಯಾರಾದರೂ "ಬೇಡದ್ದೆಲ್ಲ ಅಳಿಸಿಬಿಡಿ" ಅಂತಾರೆ. ಹಾಗೆ ಅವಸರ ಮಾಡಿ ನಾವೂ ಒಮ್ಮೆ ಆರು ತಿಂಗಳ ಸಾಲದ ಪಟ್ಟಿ ಕಳಕೊಂಡೆವು. ಕಂತು ಕಟ್ಟಿದವರು ಯಾರು, ಬಾಕಿ ಯಾರದ್ದು ಅಂತ ಸಭೆಯಲ್ಲಿ ಮಾತು ಬೆಳೆಯಿತು. ಪುಣ್ಯಕ್ಕೆ ಕೈಬರಹದ ಪುಸ್ತಕ ಇತ್ತು. ಕೂತು ಮತ್ತೆ ಬರೆದೆವು.

ತಾತ್ಕಾಲಿಕ ಫೈಲು ಎಂದರೇನು?

ಅಡುಗೆ ಮಾಡುವಾಗ ಸಿಪ್ಪೆ, ತೊಟ್ಟು ಬೀಳುವುದಿಲ್ಲವೇ? ಹಾಗೆಯೇ ಕಂಪ್ಯೂಟರ್ ಕೆಲಸ ಮಾಡುವಾಗ ತನ್ನ ಅನುಕೂಲಕ್ಕೆ ಕೆಲವು ಫೈಲುಗಳನ್ನು ಮಾಡಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಕೆಲವು ತಾನಾಗಿ ಹೋಗುತ್ತವೆ, ಉಳಿದವು ಜಾಗ ಹಿಡಿದು ಕೂರುತ್ತವೆ. ಸಿಪ್ಪೆ ಎಸೆಯಬೇಕು. ಆದರೆ ಸಿಪ್ಪೆಯ ಜೊತೆ ಚೂರಿಯನ್ನೂ ಎಸೆಯಬಾರದು!

ತೆಗೆಯುವ ಕ್ರಮ (ವಿಂಡೋಸ್ 10 ಮತ್ತು 11)

1. ತೆರೆದಿರುವ ಕೆಲಸವನ್ನೆಲ್ಲ ಸೇವ್ ಮಾಡಿ ಮುಚ್ಚಿರಿ.
2. ಸ್ಟಾರ್ಟ್ ಒತ್ತಿ, ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್ ದಾಟಿ 'ಟೆಂಪರರಿ ಫೈಲ್ಸ್' ತೆರೆಯಿರಿ.
3. ಅಲ್ಲಿ ಬರುವ ಪಟ್ಟಿಯನ್ನು ಒಂದೊಂದಾಗಿ ಓದಿರಿ. 'ಟೆಂಪರರಿ ಫೈಲ್ಸ್', 'ಥಂಬ್‌ನೇಲ್ಸ್' ಇವಕ್ಕೆ ಗುರುತು ಹಾಕಬಹುದು.
4. ಇನ್ನೊಬ್ಬರಿಗೂ ತೋರಿಸಿ, ಆಮೇಲೆ 'ರಿಮೂವ್ ಫೈಲ್ಸ್' ಒತ್ತಿರಿ.

ಇಲ್ಲಿ ಎಚ್ಚರ!

* ಅದೇ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಕೂಡ ಇರುತ್ತದೆ. ಅದು ಕಸ ಅಲ್ಲ. ಬ್ಯಾಂಕಿನಿಂದ ಇಳಿಸಿದ ಕಾಗದಗಳು ಹೆಚ್ಚಾಗಿ ಅಲ್ಲೇ ಇರುತ್ತವೆ. ನಮ್ಮ ಸಾಲದ ಪಟ್ಟಿ ಹೋದದ್ದೂ ಅಲ್ಲಿಂದಲೇ.
* 'ರೀಸೈಕಲ್ ಬಿನ್' ಖಾಲಿ ಮಾಡುವ ಮೊದಲು ಒಮ್ಮೆ ಒಳಗೆ ನೋಡಿರಿ. ತಪ್ಪಿ ಅಳಿಸಿದ್ದು ಅಲ್ಲಿದ್ದರೆ ವಾಪಸು ತೆಗೆಯಬಹುದು.
* ಇಮೇಲಿನಲ್ಲಿ ಬಂದ ಲೆಕ್ಕದ ಫೈಲನ್ನು ಅಲ್ಲಿಂದಲೇ ತೆರೆದು ಬರೆಯಬೇಡಿ. ಕೆಲವೊಮ್ಮೆ ಅದು ತಾತ್ಕಾಲಿಕ ಜಾಗದಲ್ಲೇ ಉಳಿದು ಕಸದ ಜೊತೆ ಹೋಗುತ್ತದೆ. ಮೊದಲು 'ಡಾಕ್ಯುಮೆಂಟ್ಸ್' ಒಳಗೆ ಸಂಘದ ಹೆಸರಿನ ಫೋಲ್ಡರಿನಲ್ಲಿ ಸೇವ್ ಮಾಡಿ, ನಂತರ ತೆರೆಯಿರಿ.
* 'ಸ್ಟೋರೇಜ್ ಸೆನ್ಸ್' ತಾನಾಗಿಯೇ ಗುಡಿಸುವ ಏರ್ಪಾಡು. ಅದನ್ನು ಬಳಸುವುದಾದರೆ ಡೌನ್‌ಲೋಡ್ಸ್ ಎದುರು 'ನೆವರ್' ಇದೆಯೇ ನೋಡಿಕೊಳ್ಳಿ.

ತಿಂಗಳಿಗೊಮ್ಮೆ ಗುಡಿಸಿದರೆ ಸಾಕು. ಅದಕ್ಕೂ ಮೊದಲು ಲೆಕ್ಕದ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಇರಲಿ. ಕೈಬರಹದ ಪುಸ್ತಕವನ್ನಂತೂ ಬಿಡಬೇಡಿ. ಅಕ್ಕತಂಗಿಯರು ಹೊಟ್ಟೆ ಕಟ್ಟಿ ಉಳಿಸಿದ ಹಣದ ಲೆಕ್ಕ ಅದು.

ಸಭೆಯಲ್ಲಿ ಚರ್ಚಿಸಿರಿ

1. ನಮ್ಮ ಸಂಘದ ಲೆಕ್ಕದ ಫೈಲು ಯಾವ ಫೋಲ್ಡರಿನಲ್ಲಿದೆ? ಎಷ್ಟು ಮಂದಿಗೆ ಗೊತ್ತು?
2. ಅಳಿಸುವ ಮೊದಲು ಪಟ್ಟಿ ನೋಡುವ ಇಬ್ಬರು ಯಾರು?