ಮಿದುಳಿನ ಒಂದು ವ್ಯಾಧಿ

ಶರೀರವನ್ನು ಕಾಯತಕ್ಕ ರಕ್ಷಣಾಶಕ್ತಿಯೇ ಕೆಲವೊಮ್ಮೆ ಮಿದುಳಿನ ಮೇಲೆ ತಿರುಗಿಬಿದ್ದು ಉರಿಯೂತವನ್ನುಂಟುಮಾಡುವುದುಂಟು. ಇದು ಅಂಟುರೋಗವಲ್ಲ, ಅಪರೂಪವಾದರೂ ಇಲ್ಲವೆನ್ನುವಂತಿಲ್ಲ. ಅಮೆರಿಕದ ಓಲ್ಮ್‌ಸ್ಟೆಡ್ ಪ್ರಾಂತದಲ್ಲಿ 2014ರ ಆರಂಭಕ್ಕೆ ಇದಕ್ಕೆ ತುತ್ತಾದವರು ಲಕ್ಷಕ್ಕೆ ಸುಮಾರು 14 ಮಂದಿಯೆಂದು ಗಣನೆಯಾಯಿತು.

2007ರಲ್ಲಿ ದಾಲ್ಮೌ ಎಂಬ ವೈದ್ಯರೂ ಅವರ ಸಂಗಡಿಗರೂ ವಿವರಿಸಿದ ‘ಎನ್‌ಎಂಡಿಎ’ ಪ್ರಭೇದವು ಬಾಲಕಿಯರಿಗೂ ಯುವತಿಯರಿಗೂ ಹೆಚ್ಚಾಗಿ ಬರುತ್ತದೆ. ಕೆಲವರಲ್ಲಿ ಅಂಡಾಶಯದ ಗೆಡ್ಡೆಯೇ ಇದಕ್ಕೆ ಮೂಲ. ‘ಎಲ್‌ಜಿಐ1’ ಎಂಬ ಪ್ರಭೇದವು ವಯಸ್ಸಾದ ಪುರುಷರಲ್ಲಿ ಹೆಚ್ಚು.

ಕೊತ್ತತ್ತಿಯ ತಾಯಂದಿರೇ, ಚೆನ್ನಾಗಿ ಓದುತ್ತಿದ್ದ ಹುಡುಗಿಯು ಕೆಲವೇ ದಿನಗಳಲ್ಲಿ ನಿದ್ರೆಗೆಟ್ಟು, ಅಸಂಬದ್ಧವಾಗಿ ಮಾತನಾಡಿ, ಸೆಳವಿಗೊಳಗಾದರೆ ಗಾಳಿಸೋಕೆಂದು ತಾಯಿತ ಕಟ್ಟಿಸಿ ಕಾಲ ಕಳೆಯಲಾಗದು. ಕೂಡಲೇ ಮಂಡ್ಯದ ಆಸ್ಪತ್ರೆಗೂ, ವೈದ್ಯರು ಹೇಳಿದರೆ ಬೆಂಗಳೂರಿನ ನಿಮ್ಹಾನ್ಸ್‌ಗೂ ಕರೆದೊಯ್ಯತಕ್ಕದ್ದು. ಬೇಗನೆ ಚಿಕಿತ್ಸೆ ದೊರೆತರೆ ಬಹುಮಂದಿ ಗುಣಹೊಂದುತ್ತಾರೆ.